ಗುಡ್ಡ ಹತ್ತುವ ಗಾಡಿಗೆ ಬಲಪ್ರಸಾದ

ತೀರ್ಮಾನ ಮಾಡುವುದು ನನ್ನಿಂದಾಗುವ ಕೆಲಸವಲ್ಲ. ಅಂಗಡಿಯಲ್ಲಿ ಎರಡು ಲುಂಗಿ ಮುಂದಿಟ್ಟರೆ ಎರಡನ್ನೂ ಬಿಟ್ಟು ಮನೆಗೆ ಬರುವ ಆಸಾಮಿ ನಾನು. ಶಿರಾಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅಲ್ಲಿ ಉತ್ತರಗಳು ಪುಸ್ತಕದ ಕೊನೆಯಲ್ಲೇ ಇರುವುದರಿಂದ ನೌಕರಿ ಹೇಗೋ ನಡೆದಿದೆ. ಇಂಥವನು ಮಂಡಿ ನೋಯುವ ವಯಸ್ಸಿನಲ್ಲಿ ಡರ್ಟ್ ಬೈಕ್ ಆರಿಸಲು ಹೊರಟಿದ್ದಕ್ಕೆ ನಮ್ಮ ಶಾಲೆಯ ಡ್ರಿಲ್ ಮಾಸ್ತರೇ ಹೊಣೆ. ಅವರೂ ಅವರ ಗೆಳೆಯರೂ ಭಾನುವಾರ ಬೆಳಿಗ್ಗೆ ಕಾಯ್ಕಿಣಿಯ ಹಿಂದಿನ ಗುಡ್ಡಗಳನ್ನು ಬೈಕಿನಲ್ಲಿ ಹತ್ತಿಳಿಯುತ್ತಾರೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇಲ್ಲ: ಯಾವ ಕಲ್ಲಿನ ಮೇಲೆ ಚಕ್ರ ಜಾರಿತು, ಯಾವ ಹಳ್ಳದಲ್ಲಿ ಯಾರು ಮಗುಚಿದರು. ಒಂದು ದಿನ ನಾನೂ ಬರುತ್ತೇನೆಂದೆ. ಅವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ನಿಮ್ಗೆ ಎಂತಕ್ಕೆ ಮಾಸ್ತರ್ರೆ ಇದೆಲ್ಲ? ಮನೇಲಿ ಆರಾಮ ಇರಿ" ಅಂದರು. ಸಿಟ್ಟು ನೆತ್ತಿಗೇರಿತು. ದೀಪಾವಳಿಯೊಳಗೆ ನಿಮ್ಮ ಜೊತೆ ಗುಡ್ಡ ಹತ್ತದಿದ್ದರೆ ನಾನು ಮಾಸ್ತರೇ ಅಲ್ಲ ಎಂದು ಎಲ್ಲರೆದುರು ಹೇಳಿಬಿಟ್ಟೆ. ಆಡಿದ ಮಾತು, ಒಡೆದ ಮುತ್ತು. ಇನ್ನು ಗಾಡಿ ತರದೆ ಉಪಾಯವಿರಲಿಲ್ಲ.

ಎರಡು ಗಾಡಿ ಕಣ್ಣಿಗೆ ಬಿದ್ದವು. ಕುಮಟೆಯ ಮೆಕ್ಯಾನಿಕ್ಕೊಬ್ಬನ ಹತ್ತಿರ ಹಳೆಯದೊಂದಿತ್ತು. ಹಗುರ, ತಗ್ಗು ಸೀಟು, ಸಾಧು ಎಂಜಿನ್. ಕಲಿಯುವವರಿಗೆ ಇದನ್ನು ಬಿಟ್ಟು ಬೇರೆ ನೋಡಲೇಬಾರದು ಎಂದು ಅವನೂ ಹೇಳಿದ, ಮೊಬೈಲಿನ ವಿಡಿಯೋಗಳೂ ಹೇಳಿದವು. ಆದರೆ ಅದರ ಮೇಲೆ ಕೂತರೆ ನಾನು ಮೊಮ್ಮಗನ ಸೈಕಲ್ ಕಸಿದುಕೊಂಡು ಬಂದವನಂತೆ ಕಾಣುತ್ತಿದ್ದೆ. ಹೊನ್ನಾವರದ ಶೋರೂಮಿನಲ್ಲಿ ಇನ್ನೊಂದಿತ್ತು. ಹೊಸದು, ಎತ್ತರ, ಕೆಂಪು. ಹತ್ತುವಾಗ ಇಬ್ಬರು ಎರಡೂ ಕಡೆಯಿಂದ ಗಾಡಿ ಹಿಡಿದುಕೊಂಡರು. ಮೇಲೆ ಕೂತ ಮೇಲೆ ನನ್ನ ಕಾಲುಗಳು ಗಾಳಿಯಲ್ಲೇ ಉಳಿದವು. ಆದರೂ ಎದುರಿನ ಗಾಜಿನಲ್ಲಿ ಕಂಡವನು ಎಂಥ ಗಂಡಸು ಎಂದುಕೊಂಡೆ. ಊರಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಪಕ್ಕದ ಮನೆಯವರಂತೂ, "ಮೀನಿನ ಚೀಲ ಎಲ್ಲಿ ನೇತಾಕೂದು? ಹುಕ್ಕೇ ಇಲ್ವಲ್ಲ" ಎಂದು ಎರಡನ್ನೂ ತಳ್ಳಿಹಾಕಿದರು.

ನಮ್ಮ ಕಡೆ ಇಂಥ ಇಕ್ಕಟ್ಟಿಗೆಲ್ಲ ಒಂದೇ ದಾರಿ, ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುವುದು. ಭಟ್ಟರು ಹೂವಿನ ಒದ್ದೆ ಎಸಳುಗಳನ್ನು ದೇವಿಯ ಮೂರ್ತಿಗೆ ಎರಡೂ ಕಡೆ ಅಂಟಿಸಿ ನಮ್ಮ ಪ್ರಶ್ನೆ ಅರಿಕೆ ಮಾಡುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಹೆಣ್ಣು ನೋಡುವುದಕ್ಕೆ, ಬಾವಿ ತೋಡುವುದಕ್ಕೆ ಕೇಳಿದ್ದುಂಟು. ಬೈಕಿಗೆ ಕೇಳಿದವನು ನಾನೇ ಮೊದಲಿರಬೇಕು. ಕುಮಟೆಯ ಗಾಡಿ ಆಗುತ್ತದೆಯೇ ಎಂದು ಕೇಳಿಸಿದೆ. ಭಟ್ಟರ ಮಾತು ಮುಗಿಯುವ ಮೊದಲೇ ಬಲಗಡೆಯ ಎಸಳು ಉದುರಿತು. "ಆತು, ತಕಂಬನ್ನಿ" ಅಂದರು.

ಮನೆಗೆ ಬಂದರೆ ಅನ್ನ ಸೇರಲಿಲ್ಲ. ಕಣ್ಣ ತುಂಬ ಕೆಂಪು ಗಾಡಿಯೇ. ಮರುವಾರ ಹೋಗಿ ಹೊನ್ನಾವರದ್ದಕ್ಕೆ ಕೇಳಿಸಿದೆ. ಎಡಕ್ಕೆ ಬಿತ್ತು. ಬೇಕಾದ ಉತ್ತರ ಬರದಿದ್ದರೆ ಲೆಕ್ಕವನ್ನೇ ತಿದ್ದುವ ಚಟ ನನಗೆ ಮೊದಲಿನಿಂದಲೂ ಇದೆ. "ಭಟ್ರೆ, ಗಾಡಿ ನನ್ನ ಹೆಸರಿಗೆ ಬೇಡ, ಹೆಂಡತಿ ಹೆಸರಿಗೆ ಮಾಡಿದ್ರೆ ಅಡ್ಡಿಯಿಲ್ವಾ, ಹಾಗೆ ಕೇಳಿ" ಅಂದೆ. ಭಟ್ಟರು ನನ್ನನ್ನು ಒಂದು ಥರ ನೋಡಿದರು. "ದೇವರ ಹತ್ರ ವಕೀಲಿಕೆ ಮಾಡೂಕೆ ಬಂದ್ರಾ?" ಎಂದು ಗೊಣಗುತ್ತಲೇ ಕೇಳಿದರು. ಬಲಕ್ಕೆ ಬಿತ್ತು. ಆವತ್ತು ಖುಷಿಗೆ ಎರಡು ಸಲ ಅಡ್ಡಬಿದ್ದೆ.

ನನ್ನ ಹೆಂಡತಿ ನಾಗವೇಣಿ ಆಸ್ಪತ್ರೆಯಲ್ಲಿ ನರ್ಸು. ನನಗಿಂತ ಒಂದು ಗೇಣು ಎತ್ತರ. ನಮ್ಮ ಮನೆಯಲ್ಲಿ ಈ ವಿಷಯವನ್ನು ಯಾರೂ ಎತ್ತುವುದಿಲ್ಲ. ಅವಳ ಹೆಸರಿನಲ್ಲಿ ಗಾಡಿ ಬಂತು. ಜಗಲಿಯ ಮೆಟ್ಟಿಲಿಗೆ ಒತ್ತಿ ನಿಲ್ಲಿಸಿದರೆ ನನಗೆ ಹತ್ತಲು ಬರುತ್ತಿತ್ತು. ಹತ್ತಿದೆ, ಹೊರಟೆ, ಅಂಗಳದ ತುದಿಯಲ್ಲಿ ಬ್ರೇಕ್ ಹಾಕಿ ಕಾಲು ಊರಲು ನೋಡಿದೆ. ನೆಲ ಸಿಗಲಿಲ್ಲ. ಗಾಡಿಯೂ ನಾನೂ ನಿಧಾನವಾಗಿ ವಾಲಿ, ಬಸಳೆ ಚಪ್ಪರವನ್ನು ಎಳೆದುಕೊಂಡು ಮಲಗಿದೆವು. ನಾಗವೇಣಿ ಬಂದು ಮೊದಲು ಬಸಳೆ ಬಿಡಿಸಿದಳು, ಆಮೇಲೆ ಗಾಡಿ, ಕೊನೆಗೆ ನನ್ನನ್ನು. "ನೀವು ಬದಿಗೆ ನಿಲ್ಲಿ. ದೇವಸ್ಥಾನದ ಅಮ್ಮ ಪ್ರಸಾದ ಕೊಟ್ಟದ್ದು ನನ್ನ ಹೆಸರಿಗೆ ಅಲ್ದಾ?" ಎಂದವಳೇ ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ಹತ್ತಿ ಕೂತಳು. ಎರಡೂ ಪಾದ ನೆಲದ ಮೇಲೆ. ಗೇಟು ದಾಟಿ ಹೋದವಳು ಗದ್ದೆ ಬಯಲು ಸುತ್ತಿ ಬಂದಳು. ಮದುವೆಗೆ ಮೊದಲು ಮುಟ್ಟಳ್ಳಿಯಲ್ಲಿ ಅಣ್ಣನ ಬೈಕನ್ನು ಇವಳೇ ಹೆಚ್ಚು ಓಡಿಸುತ್ತಿದ್ದಳಂತೆ. "ನನಗೆ ಹೇಳಲೇ ಇಲ್ಲವಲ್ಲ" ಅಂದೆ. "ನೀವು ಕೇಳಿದ್ರಾ?" ಅಂದಳು.

ದೀಪಾವಳಿಗೆ ಮುಂಚಿನ ಭಾನುವಾರ ಅವಳು ಡ್ರಿಲ್ ಮಾಸ್ತರ ತಂಡದೊಂದಿಗೆ ಗುಡ್ಡ ಹತ್ತಿದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಕುಮಟೆಗೆ ಫೋನು ಮಾಡಿದರೆ ಸಣ್ಣ ಗಾಡಿ ಮಾರಿಹೋಗಿತ್ತು. ಬೇಸರದಿಂದ ದೇವಸ್ಥಾನಕ್ಕೆ ಹೋದೆ. ಅಲ್ಲಿ ಬಾವಿಕಟ್ಟೆಯ ಪಕ್ಕ, ಹ್ಯಾಂಡಲಿಗೆ ದಾಸವಾಳ ಸಿಕ್ಕಿಸಿಕೊಂಡು ನಿಂತಿದೆ ಅದೇ ಗಾಡಿ. ಭಟ್ಟರು ಸಂಕೋಚದಿಂದ ಹೊರಗೆ ಬಂದರು. "ಬಲಪ್ರಸಾದ ಆದ ಗಾಡಿ, ಮಾಸ್ತರ್ರೆ. ನೀವು ಬೇಡ ಅಂದ್ರಿ. ಬಿಡೂಕೆ ಮನಸ್ಸು ಬರ್ಲಿಲ್ಲ. ಮೇಲಿನ ಕೇರಿಯ ಪೂಜೆಗೆ ಹೋಗಿಬರೂಕೆ ಲಾಯ್ಕ ಆಗ್ತದೆ." ನನ್ನ ಮುಖ ನೋಡಿ ಕನಿಕರ ಬಂದಿರಬೇಕು. "ಬೇಜಾರು ಮಾಡ್ಕಬೇಡಿ. ಇದ್ರಲ್ಲೇ ನಿಮಗೆ ಕಲಿಸ್ತೆ. ನಾಳೆಯಿಂದ ಶುರು ಮಾಡೂದಾ ಬೇಡ್ವಾ, ಈಗ್ಲೇ ಅಮ್ಮನ ಹತ್ರ ಕೇಳ್ವ" ಎಂದು ಎಸಳು ನೆನೆಸಲು ಹೊರಟರು.

ನಾನು ಓಡಿಹೋಗಿ ಅವರ ಕೈ ಹಿಡಿದೆ. ಬಲಕ್ಕೆ ಬಿದ್ದರೆ ಹತ್ತಲೇಬೇಕಾಗುತ್ತದಲ್ಲ.