ತೆಂಗಿನ ಚಿಪ್ಪಿನ ಗಂಟಲು

ನಮ್ಮ ಭಾವನ ತಲೆಯೊಳಗಿದ್ದದ್ದು ಬರೀ ಕೊಬ್ಬರಿ ಎಂದು ಅರಸೀಕೆರೆ ತುಂಬ ಹೇಳಿಕೊಂಡು ತಿರುಗಿದವನು ನಾನೇ! ಇದನ್ನು ಬರೆಯಲು ಕೂತಾಗಲೆಲ್ಲ ಕನ್ನಡಕ ಒರೆಸಿಕೊಂಡು ಎದ್ದುಹೋಗಿದ್ದೇನೆ. ಇವತ್ತು ಏಳುವುದಿಲ್ಲ.

ಎಪ್ಪತ್ತರ ದಶಕದ ಮಾತು. ಭಾವ ಕೊಬ್ಬರಿ ವ್ಯಾಪಾರಿ, ನಾನು ಸೈಕಲ್ ಶಾಪಿನವನು. ಅಕ್ಕ ಹಿತ್ತಲಲ್ಲಿ ನಿಂತು ಕೂಗಿದರೆ ರೈಲ್ವೆ ಗೇಟಿನವನೂ ತಿರುಗಿ ನೋಡುತ್ತಿದ್ದ. ಅಂಥವಳ ಸ್ವರ ಗಳಗಂಡದ ಆಪರೇಷನ್ ಆದಮೇಲೆ ಹೋಗಿಬಿಟ್ಟಿತು. ಬಾಯಿ ತೆರೆದರೆ ಬರೀ ಉಸಿರು. "ಗಂಟಲಿನ ಎಡಗಡೆ ನರ ಸತ್ತಿದೆ, ಏನೂ ಮಾಡೋಕಾಗಲ್ಲ" ಎಂದರು ಡಾಕ್ಟರು. ಬೇರೆ ಗಂಡಂದಿರಾದರೆ ಹರಕೆ ಹೊರುತ್ತಿದ್ದರು. ನಮ್ಮ ಭಾವ? ಗಂಟಲನ್ನೇ ಮಾಡಲು ಕೂತರು!

ತೂತು ಕೊರೆದ ತೆಂಗಿನ ಚಿಪ್ಪು. ಅದರ ಬಾಯಿಗೆ ಅಂಚಿಗೆ ಅಂಚು ತಾಗುವಂತೆ ಬಿಗಿದ ಎರಡು ರಬ್ಬರ್ ಪಟ್ಟಿ, ಅದೂ ನನ್ನ ಅಂಗಡಿಯ ಹೊಸ ಟ್ಯೂಬು ಕತ್ತರಿಸಿ! ಕೆಳಗೆ ಹಳೆಯ ಹಾರ್ಮೋನಿಯಂ ತಿದಿ. ಗಾಳಿ ನುಗ್ಗಿದರೆ ಪಟ್ಟಿಗಳು ಪಟಪಟ ತೆರೆದು ಮುಚ್ಚಿ ಸ್ವರ ಹೊರಡುತ್ತದಂತೆ. ಹೊರಟಿತು. ಪಕ್ಕದ ಮನೆಯ ಎಮ್ಮೆ ತನ್ನ ಕರುವೇ ಕರೆಯಿತೆಂದು ಹಗ್ಗ ಕಿತ್ತುಕೊಂಡು ಓಡಿಬಂತು!

"ಭಾವ, ನನ್ನ ಟ್ಯೂಬು!"

"ನಿನ್ನ ಗಂಟಲಲ್ಲೂ ಇಂಥವೇ ಎರಡು ಇರೋದು ಕಣೋ. ಸುಮ್ನೆ ಕಿರುಚಿ ಸವೆಸಬೇಡ."

ಒಂದು ದಿನ ಆ ಚಿಪ್ಪಿನ ಗಂಟಲನ್ನು ಚೀಲಕ್ಕೆ ಹಾಕಿಕೊಂಡು, ಬೇಲೂರಿನ ಡಾಕ್ಟರೊಬ್ಬರಿಗೆ ತೋರಿಸಬೇಕೆಂದು ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಜಾವಗಲ್ಲಿನಲ್ಲಿ ಹತ್ತಿದ ದಢೂತಿ ಆಸಾಮಿಯೊಬ್ಬ ನೋಡದೆ ಚೀಲದ ಮೇಲೆ ಕೂತ. ಚೀಲ "ಬ್ಯಾ...!" ಎಂದಿತು.

"ಯಾರ್ಲಾ ಮೇಕೆ ಹತ್ತಿಸಿದ್ದು? ಅದಕ್ಕೂ ಟಿಕೆಟ್ ತಗಳ್ರೀ!" ಎಂದ ಕಂಡಕ್ಟರ್.

"ಮೇಕೆ ಅಲ್ರೀ, ನಮ್ಮನೆಯವಳ ಗಂಟಲು," ಎಂದರು ಭಾವ, ಬಲು ಗಂಭೀರವಾಗಿ.

ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಹಳೇಬೀಡಿನಲ್ಲಿ ಬಸ್ಸು ನಿಂತದ್ದೇ ತಡ, ನಾನು ಚೀಲ ಕಿತ್ತುಕೊಂಡು ಇಳಿದು ಓಡಿ ಕೆರೆಗೆ ಎಸೆದೆ.

"ಅಕ್ಕನ್ನ ಊರಿಗೆಲ್ಲ ನಗೆಪಾಟಲು ಮಾಡ್ತೀರಲ್ಲ!"

ಹಿಂದೆಯೇ ಏದುಸಿರು ಬಿಡುತ್ತ ಬಂದ ಭಾವ ನೀರನ್ನೇ ನೋಡುತ್ತ ನಿಂತರು. "ಎಡಗಡೆ ಪಟ್ಟಿ ಸಡಿಲ ಬಿಟ್ಟು ನೋಡಿದ್ದೆ ಕಣೋ. ಬರೀ ಗಾಳಿ, ಥೇಟ್ ಅವಳ ಥರ. ಅದನ್ನ ಒಂಚೂರು ನಡುವಿಗೆ ಒತ್ತಿದ್ರೆ ಸ್ವರ ಬರ್ತಿತ್ತು..." ಅಷ್ಟೇ. ವಾಪಸ್ ಅರಸೀಕೆರೆ ಬಸ್ಸು ಹತ್ತಿದರು.

ನಾನು ಅವರ ಮನೆಗೆ ಹೋಗುವುದನ್ನೇ ಬಿಟ್ಟೆ. ಯುಗಾದಿಯ ಬೆಳಿಗ್ಗೆ ಇಬ್ಬರೂ ನನ್ನ ಅಂಗಡಿಗೇ ಬಂದರು. ಅಕ್ಕ ನನ್ನನ್ನು ಕಂಡದ್ದೇ ಮುಖವನ್ನು ಪೂರಾ ಎಡಕ್ಕೆ ತಿರುಗಿಸಿಕೊಂಡಳು. ಅಷ್ಟು ಕೋಪವೇ! ಆ ತಿರುಗಿದ ಮುಖದಿಂದ, ಒರಟಾಗಿ, ಆದರೂ ಸ್ವರವಾಗಿಯೇ ಬಂತು:

"ತಮ್ಮಾ, ಒಬ್ಬಟ್ಟು ಮಾಡಿದ್ದೀನಿ. ಊಟಕ್ಕೆ ಬಾರೋ."

"ಇವಳ ಗಂಟಲನ್ನ ಕೈಯಿಂದ ಒತ್ತಿ ನೋಡ್ದೆ, ನೋವು ಅಂದ್ಲು," ಎಂದರು ಭಾವ, ಮುಖದ ತುಂಬ ನಗುತ್ತ. "ಕತ್ತು ಹಂಗೆ ತಿರುಗಿಸಿದ್ರೆ ಎರಡೂ ಪಟ್ಟಿ ತಾವಾಗೇ ತಾಗ್ತವೆ!"

ನನ್ನ ಗಂಟಲಿನ ಎರಡು ಪಟ್ಟಿಗಳೂ ಗಟ್ಟಿಮುಟ್ಟಾಗಿದ್ದವು. "ತಪ್ಪಾಯ್ತು" ಅನ್ನಲೆಂದೇ ಬಾಯಿ ತೆರೆದೆ. ಬರೀ ಗಾಳಿ ಬಂತು, ಭಾವ.