ಮೂಲೆ ಮುಚ್ಚುವ ಕಾಕಾ

ನಮ್ಮ ಕಾಕಾ ಮನುಷ್ಯರನ್ನು ನಂಬುವುದೇ ಇಲ್ಲ ಎಂದು ಜನ ಹೇಳುವುದು ಶುದ್ಧ ಸುಳ್ಳು. ನಂಬುತ್ತಾನೆ. ನಂಬುವ ಮೊದಲು ಅವರ ಕಿವಿ ನೋಡುತ್ತಾನೆ, ಅಷ್ಟೇ! ಸಿಟ್ಟು ಬಂದರೆ ಕುದುರೆ ಕಿವಿಯನ್ನು ಹಿಂದಕ್ಕೆ ಮಡಚುತ್ತದೆ. ಮನುಷ್ಯರೂ ಮಡಚುತ್ತಾರೆ, ಆದರೆ ಒಳಗೊಳಗೇ, ಅದನ್ನು ಕಾಣುವ ಕಣ್ಣು ಬೇಕು ಎನ್ನುವುದು ಅವನ ಸಿದ್ಧಾಂತ. ಆ ಕಣ್ಣು ಇಡೀ ಬೆಳಗಾವಿ ಜಿಲ್ಲೆಯಲ್ಲಿ ಎಷ್ಟು ಜನಕ್ಕಿದೆ ಎಂದು ಕೇಳಬೇಡಿ. ಒಬ್ಬನಿಗೇ ಇದೆ, ಅವನು ಯಾರೆಂದು ನಾನು ಬೇರೆ ಹೇಳಬೇಕೆ?

ಈತ ನಮ್ಮ ತಂದೆಯ ತಮ್ಮ. ನನಗೆ ಹತ್ತು ವರ್ಷವಿದ್ದಾಗ ತಂದೆ ತೀರಿಕೊಂಡರು. ಆಗ ಟಿಳಕವಾಡಿಯ ನಮ್ಮ ಮನೆಗೆ ಒಂದು ಟ್ರಂಕಿನೊಂದಿಗೆ ಬಂದ ಕಾಕಾ ಅಲ್ಲೇ ಉಳಿದುಬಿಟ್ಟ. ಮದುವೆಯಾಗಲಿಲ್ಲ. ರೇಲ್ವೆಯಲ್ಲಿ ಕೆಲಸ. ನಿವೃತ್ತಿಯ ದಿನ ಜೊತೆಯವರು ಹಾರ ಹಾಕಿ ಗೋಡೆ ಗಡಿಯಾರ ಕೊಟ್ಟು ಕಳಿಸಿದರೆ, ಈತ ಗಡಿಯಾರವನ್ನು ದಾರಿಯಲ್ಲೇ ಯಾರಿಗೋ ದಾನ ಮಾಡಿ ಒಂದು ಮುದಿ ಟಾಂಗಾ ಕುದುರೆಯನ್ನು ಹಿಡಿದುಕೊಂಡು ಮನೆಗೆ ಬಂದ! ನಮ್ಮವ್ವ ಬಾಗಿಲಲ್ಲೇ ನಿಂತು ಬಾಯಿ ಬಿಟ್ಟಳು.

"ಗಾಬರಿ ಆಗಬ್ಯಾಡ್ರಿ ವೈನಿ. ಇಂವನೂ ಇವತ್ತ ರಿಟೈರ್ ಆಗ್ಯಾನ" ಅಂದ.

ನಾಲ್ಕು ದಿನ ಆ ಕುದುರೆ ನಮ್ಮ ತುಳಸಿಕಟ್ಟೆಯ ಪಕ್ಕದಲ್ಲಿತ್ತು. ಐದನೆಯ ದಿನ ತುಳಸಿ ಇರಲಿಲ್ಲ. ಆರನೆಯ ದಿನ ಇಬ್ಬರು ನಿವೃತ್ತರೂ ಖಾನಾಪುರದ ಆಚೆ ಗುಂಜಿಗೆ ಹೊರಟರು. ಅಲ್ಲಿ ಕಾಡಿನ ಅಂಚಿಗೆ ಕಾಕಾನದೊಂದು ಹೊಲವಿದೆ. ಕುದುರೆಗೆ ಸುಭೇದಾರ ಎಂದು ಹೆಸರಿಟ್ಟ. ಬೆಳಗಾವಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವ ಮೌಲಾ ಚಾಚಾ, ಮದುವೆಗಳಿಲ್ಲದ ತಿಂಗಳುಗಳಲ್ಲಿ ತನ್ನ ಕುದುರೆಗಳನ್ನೂ ಅಲ್ಲೇ ಮೇಯಲು ಬಿಡತೊಡಗಿದ. ನಿಮ್ಮ ದೋಸ್ತನಿಗೆ ತಲೆ ಕೆಟ್ಟಿದೆಯೇ ಎಂದು ಒಮ್ಮೆ ಅವನನ್ನು ಕೇಳಿದ್ದೆ.

"ಪಾಗಲ್ ನೈ ಜೀ" ಎಂದು ಚಾಚಾ ಗಂಭೀರವಾಗಿ ತಲೆಯಾಡಿಸಿದ. "ಘೋಡಾ ಹೈ." ಹುಚ್ಚನಲ್ಲವಂತೆ, ಕುದುರೆಯಂತೆ!

ನನ್ನ ಮದುವೆಯ ವಿಷಯಕ್ಕೆ ಬರುತ್ತೇನೆ. ನಲವತ್ತೊಂದನೆಯ ವಯಸ್ಸಿನಲ್ಲಿ, ಇನ್ನು ಇವನಿಗೆ ಕಾಲೇಜಿನ ಹಾಜರಿ ಪುಸ್ತಕವೇ ಹೆಂಡತಿ ಎಂದು ಎಲ್ಲರೂ ಕೈಬಿಟ್ಟಿದ್ದಾಗ, ನಾನು ಒಬ್ಬ ವಿಧವೆಯನ್ನು ಮೆಚ್ಚಿದೆ. ಆಕೆಗೆ ಒಂಬತ್ತು ವರ್ಷದ ಮಗಳು, ಪಲ್ಲವಿ. ಮಾತುಕತೆಗೆ ಹಿರಿಯರೆಂದು ಕಾಕಾನನ್ನು ಕರೆದೊಯ್ದೆವು. ಎಲ್ಲರೂ ಊರು, ಕುಲ, ಕೆಲಸ ಎಂದು ಮಾತಾಡುತ್ತಿದ್ದರೆ ಈತ ಚೂಡಾ ತಿನ್ನುತ್ತ ಆಕೆಯನ್ನೇ ದಿಟ್ಟಿಸುತ್ತಿದ್ದ. ತಟ್ಟೆ ಖಾಲಿಯಾದ ಮೇಲೆ ತೀರ್ಪು ಬಂತು.

"ಕಿವಿ ಮುಂದ ಅದಾವ. ಮಾಡ್ಕೋ ತಮ್ಮಾ."

ಆಕೆಯ ಅಣ್ಣ ಪಾಪ, ತನ್ನ ಕಿವಿಯನ್ನು ತಾನೇ ಮುಟ್ಟಿ ನೋಡಿಕೊಂಡ. ಮದುವೆಯಾಯಿತು.

ಹೆಂಡತಿಯೊಂದಿಗೆ ತೊಂದರೆಯಿರಲಿಲ್ಲ. ಮಗಳು ಮಾತ್ರ ನನ್ನನ್ನು 'ಸರ್ರ' ಎಂದು ಕರೆಯುತ್ತಿದ್ದಳು. "ಸರ್ರ, ಊಟಕ್ಕ ಬರ್ರಿ." "ಸರ್ರ, ಅವ್ವ ಕರ್ಯಾಕತ್ತಾಳ." ನಾನು ಮೇಷ್ಟ್ರು, ನಿಜ. ಆದರೆ ಮನೆಯಲ್ಲಿ ಚಪಾತಿ ಹಾಕಿಸಿಕೊಳ್ಳುವಾಗಲೂ ಮೇಷ್ಟ್ರೇ? ಮುಚ್ಚುಮರೆ ಏಕೆ, ಆ ಮಗುವಿನ ಬಾಯಲ್ಲಿ ಒಮ್ಮೆ ಅಪ್ಪ ಎನ್ನಿಸಿಕೊಳ್ಳಬೇಕೆಂಬ ಆಸೆ ನನ್ನನ್ನು ಜ್ವರದಂತೆ ಹಿಡಿದಿತ್ತು. ಸೈಕಲ್ ಕೊಡಿಸಿದೆ. ಒಳಕೋಣೆಯ ಮೂಲೆಯಲ್ಲಿ ಓದುವ ಮೇಜು, ಕುರ್ಚಿ, ದೀಪ ಹಾಕಿಸಿದೆ. ಅರ್ಧ ಗಂಟೆಗೊಮ್ಮೆ ಬಾಗಿಲಲ್ಲಿ ನಿಂತು "ಏನ್ ಓದಾಕತ್ತಿ ಪುಟ್ಟಾ?" ಎಂದು ಕೇಳಿದೆ. ಅವಳ ಶಾಲೆಯ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲಿ ಕುಳಿತು, ಅವಳ ಹಾಡು ಮುಗಿಯುವ ಮೊದಲೇ ಒಬ್ಬನೇ ಚಪ್ಪಾಳೆ ತಟ್ಟಿದೆ. ಪ್ರತಿ ಸಲವೂ ಅವಳು ಕೈಕಟ್ಟಿ ನಿಂತು, "ಥ್ಯಾಂಕ್ಸ್ ಸರ್ರ" ಎಂದಳು. ಹೀಗೆ ಒಂದು ವರ್ಷ ಕಳೆಯಿತು.

ಅಷ್ಟರಲ್ಲಿ ಒಂದು ದಿನ ಕಾಕಾ ಬಂದ. ಅವನು ಬಂದರೆ ಸೀದಾ ಒಳಗೆ ಬರುವವನಲ್ಲ, ಗೇಟಿನ ಹೊರಗೆ ಹತ್ತು ನಿಮಿಷ ನಿಲ್ಲುತ್ತಾನೆ. ಮನೆಯವರು ತನ್ನನ್ನು ದೂರದಿಂದ ನೋಡಿ ಹೊಂದಿಕೊಳ್ಳಲಿ ಎಂದು! ಮೂವತ್ತು ವರ್ಷದಿಂದ ನೋಡುತ್ತಿದ್ದೇವೆ ಮಹಾರಾಯಾ, ಇನ್ನೆಷ್ಟು ಹೊಂದಿಕೊಳ್ಳುವುದು? ಒಳಗೆ ಬಂದವನು ಪಲ್ಲವಿಯ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಒಳಕೋಣೆಗೆ ಹೋಗಿ ಅವಳ ಮೇಜನ್ನು ಮೂಲೆಯಿಂದ ದರದರ ಎಳೆದು ಕಿಟಕಿ ಬಾಗಿಲುಗಳ ನಡುವೆ ಇಟ್ಟ. ಖಾಲಿಯಾದ ಮೂಲೆಗೆ ನನ್ನ ಪುಸ್ತಕದ ಕಪಾಟನ್ನು ಅಡ್ಡ ತಳ್ಳಿದ.

"ಏನ್ ಕಾಕಾ ಇದು?"

"ಹುಡುಗೀನ್ನ ಮೂಲ್ಯಾಗ ಕುಂದರಿಸಿದಿ, ಬಾಗಲಾದಾಗ ನೀ ನಿಂದರ್ತಿ. ಅಕಿ ಎಲ್ಲಿಂದ ಓಡಬೇಕು?"

"ಓಡೂದ್ಯಾಕ? ಇದು ಅಕಿ ಮನೀನ ಅಲ್ಲೇನು?"

"ಅದು ನಿನಗ ಗೊತ್ತು. ಅಕಿಗೆ ಇನ್ನೂ ಗೊತ್ತಾಗಬೇಕು."

ನನಗೆ ಸಿಟ್ಟು ಬಂತು. "ನನ್ನ ಮಗಳೇನು ಕುದರಿ ಮರಿ ಅಲ್ಲ!"

"ಮರಿ ಬಗ್ಗೆ ಯಾರ್ ಮಾತಾಡಿದ್ರು? ನಾ ಮಾತಾಡಿದ್ದು ಕುದರಿ ಬಗ್ಗೆ. ನೀ ಹರೇದ ಕುದರಿ ಹಂಗ ಅಕಿ ಬೆನ್ನ ಹತ್ತೀದಿ."

ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವ ನನ್ನನ್ನು ಯಾರಾದರೂ ಹರೆಯದ ಕುದುರೆ ಎಂದದ್ದು ಅದೇ ಮೊದಲು. ಸಿಟ್ಟಿನ ನಡುವೆಯೂ ಸ್ವಲ್ಪ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಕೆಲವು ತಿಂಗಳ ನಂತರ ಗುಂಜಿಯಿಂದ ಕಾಕಾನ ಫೋನು ಬಂತು. ಚಾಚಾನ ಬಿಳಿ ಹೆಣ್ಣು ಕುದುರೆ ಚಾಂದನಿ ಮರಿ ಹಾಕಿದೆ, ಇಷ್ಟು ದಿನ ತಾಯಿ ಮರಿ ಎರಡನ್ನೇ ಬೇಲಿಯ ಆಚೆ ಇಟ್ಟಿದ್ದೆ, ರವಿವಾರ ಮರಿಯನ್ನು ಎಲ್ಲ ಕುದುರೆಗಳ ನಡುವೆ ಬಿಡುತ್ತೇನೆ, ಎಲ್ಲರೂ ಬರಬೇಕು ಎಂದ. ಹೋದೆವು. ಕಾಕಾ ಶಿರಾ ಬೇರೆ ಮಾಡಿಸಿದ್ದ! ಹೊಲದ ನಾಲ್ಕೂ ಮೂಲೆಗಳಿಗೆ ಬಿದಿರಿನ ಗಳ ಅಡ್ಡ ಕಟ್ಟಿ, ಚೌಕ ಹೊಲವನ್ನು ದುಂಡಗೆ ಮಾಡಿಟ್ಟಿದ್ದ. ಬೆನ್ನಟ್ಟಿಸಿಕೊಂಡ ಮರಿ ಮೂಲೆಗೆ ಸಿಕ್ಕಿಹಾಕಿಕೊಂಡರೆ ಒದೆ ತಿನ್ನುತ್ತದೆ, ಮೂಲೆಯೇ ಇಲ್ಲದಿದ್ದರೆ ಓಡುತ್ತಲೇ ಇರಬಹುದು. ನಮ್ಮ ಒಳಕೋಣೆಯ ಕಪಾಟು ಏಕೆ ಅಡ್ಡ ನಿಂತಿತೆಂದು ನನಗೆ ಆಗ ತಿಳಿಯಿತು.

ಬೇಲಿ ತೆಗೆದರು. ಮರಿಯೆಂದರೆ ಬರೀ ಕಾಲು, ಮೇಲೊಂದಿಷ್ಟು ಕುದುರೆ. ಅದನ್ನು ಕಂಡದ್ದೇ ತಡ, ಬಿಜಲಿ ಎಂಬ ಹರೆಯದ ಕುದುರೆ ಕುತೂಹಲ ತಡೆಯಲಾರದೆ ಓಡಿ ಬಂತು. ಮೂಸಿತು, ತಳ್ಳಿತು, ಮರಿ ಓಡಿದರೆ ತಾನೂ ಹಿಂದೆಯೇ ಓಡಿತು. ಕೆಟ್ಟ ಉದ್ದೇಶವೇನಿಲ್ಲ, ಅತಿ ಉತ್ಸಾಹ ಅಷ್ಟೇ. ಹೆಂಡತಿ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ. ಮರಿ ಕತ್ತು ಚಾಚಿ, ತುಟಿ ಹಿಂದಕ್ಕೆಳೆದು, ಹಲ್ಲನ್ನು ಕಟಕಟ ಎಂದು ಬಡಿಯತೊಡಗಿತು.

"ಅಜ್ಜಾ, ಅದಕ್ಕ ಥಂಡಿ ಹತ್ತೇತೇನು?" ಎಂದು ಪಲ್ಲವಿ ಕೇಳಿದಳು.

"ಇಲ್ಲವ್ವಾ. ನಾ ಸಣ್ಣಾಂವ ಅದೀನ್ರಿ, ನನಗೇನೂ ಮಾಡಬ್ಯಾಡ್ರಿ ಅನ್ನಾಕತ್ತೈತಿ. ದೊಡ್ಡವ್ರಿಗೆ ಮರ್ಯಾದಿ ಕೊಡಾಕತ್ತೈತಿ."

ನನಗೆ ಆ ಒಂದು ವರ್ಷದ 'ಸರ್ರ'ಗಳೆಲ್ಲ ಒಮ್ಮೆಲೇ ಕೇಳಿಸಿದವು. ನಾನು ಬಾಗಿಲಲ್ಲಿ ನಿಂತಾಗಲೆಲ್ಲ ಅವಳು ಕೈಕಟ್ಟಿ ಎದ್ದು ನಿಲ್ಲುತ್ತಿದ್ದದ್ದು ಕಣ್ಣ ಮುಂದೆ ಬಂತು. ನಾಚಿಕೆಯಾಯಿತು.

ಬಿಜಲಿ ಬಿಡಲಿಲ್ಲ. ಚಾಂದನಿ ಕಿವಿ ಮಡಚಿ, ಇಬ್ಬರ ನಡುವೆ ನುಗ್ಗಿ, ಕೂಗಿ ಒಂದು ಒದೆ ಝಾಡಿಸಿತು. ಪಲ್ಲವಿ ಚೀರಿದಳು. ಚಾಚಾ ಒಳಗೆ ಹಾರಲು ಹೋದ.

"ಯಾರೂ ಹೋಗಬ್ಯಾಡ್ರಿ! ಜಾಗಾ ಐತಿ, ಓಡ್ಲಿ" ಎಂದ ಕಾಕಾ. ದನಿಯೇನೋ ಗಟ್ಟಿಯಾಗಿತ್ತು. ಆದರೆ ಅವನದೇ ಒಂದು ಕಾಲು ಆಗಲೇ ಬಿದಿರಿನ ಗಳ ದಾಟಿ ಒಳಗಿತ್ತು. ಅವನಿಗೂ ಹೆದರಿಕೆಯಾಗುತ್ತದೆಂದು ನಾನು ಅಂದುಕೊಂಡೇ ಇರಲಿಲ್ಲ.

ಎರಡು ಸುತ್ತು ಓಡಿ ಬಿಜಲಿಗೇ ಸಾಕಾಯಿತು. ಇಷ್ಟೆಲ್ಲ ಆಗುವಾಗ ಮುದಿ ಸುಭೇದಾರ ಮಾತ್ರ ತಲೆ ಎತ್ತದೆ ಹುಲ್ಲು ತಿನ್ನುತ್ತಿದ್ದ.

"ಇಂವ ಏನೂ ಮಾಡೂದಿಲ್ಲೇನ್ ಕಾಕಾ?" ಎಂದೆ.

"ಮಾಡಾಕತ್ತಾನಲ್ಲ. ಮೇಯಾಕತ್ತಾನ."

ಮರಿ ಸುತ್ತಿ ಬಳಸಿ ಅವನ ಹತ್ತಿರವೇ ಬಂತು. ಹಲ್ಲು ಕಟಕಟಿಸಿತು. ಅವನು ಮೂಸಲೂ ಇಲ್ಲ, ಸರಿಯಲೂ ಇಲ್ಲ. ಒಂದು ಕಿವಿಯನ್ನು ಮಾತ್ರ ಮರಿಯ ಕಡೆ ತಿರುಗಿಸಿ ಮೇಯುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಹಲ್ಲಿನ ಸದ್ದು ನಿಂತಿತು. ಮರಿ ಅವನ ನೆರಳಿನಲ್ಲಿ ಕಾಲು ಚಾಚಿ ಮಲಗಿತು. ಚಾಂದನಿಯೂ ನಿಶ್ಚಿಂತೆಯಿಂದ ಹುಲ್ಲಿಗೆ ಬಾಯಿ ಹಾಕಿತು.

"ಅಜ್ಜಾ, ಅದರಪ್ಪ ಇಂವನ ಏನು?"

"ಅಲ್ಲವ್ವಾ. ಅದರಪ್ಪ ಬ್ಯಾರೆ."

"ಮತ್ತ ಇಂವ ಯಾರು?"

ಎಲ್ಲದಕ್ಕೂ ಸಿದ್ಧಾಂತವಿರುವ ಕಾಕಾ ಇದಕ್ಕೆ ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಇಂವ ಇಲ್ಲೇ ಇರ್ತಾನ" ಅಂದ. "ಅಷ್ಟ."

ಸಂಜೆ ಪ್ಯಾಸೆಂಜರ್ ಗಾಡಿಯಲ್ಲಿ ಮರಳಿದೆವು. ಹೇಗಿತ್ತು ಪುಟ್ಟಾ, ಖುಷಿಯಾಯಿತಾ ಪುಟ್ಟಾ ಎಂದು ಹತ್ತು ಪ್ರಶ್ನೆಗಳು ನನ್ನ ನಾಲಿಗೆಯ ತುದಿಗೆ ಬಂದವು. ಒಂದೊಂದಾಗಿ ನುಂಗಿ, ಶೇಂಗಾ ಬಿಡಿಸಿ ತಿನ್ನುತ್ತ ಕುಳಿತೆ. ಖಾನಾಪುರ ದಾಟಿದ ಮೇಲೆ ಪಲ್ಲವಿ, ಕಿಟಕಿಯ ಕಡೆಗೇ ಮುಖ ಮಾಡಿ, ತಾನಾಗಿ ಹೇಳಿದಳು:

"ನಮ್ಮಪ್ಪ ಕುದರಿಗೆ ಭಾಳ ಅಂಜತಿದ್ರು."

ಹೆಂಡತಿ ತಟ್ಟನೆ ತಲೆ ಎತ್ತಿದಳು. ಮದುವೆಯಾದಾಗಿನಿಂದ ಆ ಮಗು ನನ್ನೆದುರು ತನ್ನ ತಂದೆಯ ಮಾತೇ ಎತ್ತಿರಲಿಲ್ಲ.

"ಹೌದಾ?" ಎಂದೆ, ಶೇಂಗಾ ಬಿಡಿಸುತ್ತ.

"ಹೂಂ! ಅವರ ಲಗ್ನದಾಗ ಕುದರಿ ತಂದಿದ್ರಂತ. ಅಪ್ಪ ಹತ್ತಲೇ ಇಲ್ಲಂತ. ಕುದರಿ ಬಾಜೂಕ ನಡಕೋಂತ ಗುಡೀಗೆ ಹೋದ್ರಂತ!" ಎಂದು ನಕ್ಕಳು.

ನಕ್ಕವಳು ನನ್ನ ಕಡೆ ತಿರುಗಿ ಕುಳಿತಳು. ಅಪ್ಪ ಇಡ್ಲಿಯನ್ನು ಸಕ್ಕರೆಯಲ್ಲಿ ಅದ್ದಿ ತಿನ್ನುತ್ತಿದ್ದದ್ದು, ಅಪ್ಪ ಮಳೆ ಬಂದರೆ ಸ್ಕೂಟರ್ ನಿಲ್ಲಿಸಿ ತನ್ನನ್ನು ಅಂಗಿಯೊಳಗೆ ಸೇರಿಸಿಕೊಳ್ಳುತ್ತಿದ್ದದ್ದು, ಅಪ್ಪ ಆಸ್ಪತ್ರೆಯಲ್ಲೂ ತನಗೆ ಮಗ್ಗಿ ಹೇಳಿಸಿದ್ದು. ಬೆಳಗಾವಿ ಬರುವವರೆಗೆ ಹೇಳುತ್ತಲೇ ಇದ್ದಳು. ನಾನು ವರ್ಷಕ್ಕೂ ಹೆಚ್ಚು ಕಾಲ ಕಾದಿದ್ದ ಆ ಶಬ್ದ ಒಂದೇ ಗಾಡಿಯಲ್ಲಿ ಇಪ್ಪತ್ತು ಸಲ ಕೇಳಿಸಿತು. ಒಂದೂ ನನಗಲ್ಲ. ಮೊದಲ ಸಲ ಎದೆಯಲ್ಲಿ ಚಳಕ್ ಎಂದಿತು, ಸುಳ್ಳೇಕೆ ಹೇಳಲಿ? ಆಮೇಲೆ, ತನ್ನ ಅಪ್ಪನನ್ನು ಇವಳು ನನ್ನ ಕೈಗೆ ಕೊಡುತ್ತಿದ್ದಾಳೆ ಎನ್ನಿಸಿ, ಆ ಮನುಷ್ಯ ಇನ್ನೂ ಸ್ವಲ್ಪ ಹೊತ್ತು ನಮ್ಮ ಜೊತೆ ಪ್ರಯಾಣ ಮಾಡಲಿ ಎಂದು ಬಯಸಿದೆ.

ನಿಲ್ದಾಣದಲ್ಲಿ ಇಳಿದವನೇ ಕಾಕಾನಿಗೆ ಫೋನು ಮಾಡಿದೆ.

"ಕಾಕಾ, ಅಕಿ ಅವರಪ್ಪನ ಬಗ್ಗೆ ಮಾತಾಡಿದ್ಲು."

"ನೀ ಏನಂದಿ?"

"ಏನೂ ಅನ್ನಲಿಲ್ಲ."

ಆ ಕಡೆ ಕಾಕಾ ಬಕೆಟ್ ಕೆಳಗಿಟ್ಟ ಸದ್ದು ಕೇಳಿಸಿತು.

"ನೀನೂ ಒಮ್ಮೆ ಹಿಂಗ ಮಾತಾಡಿದ್ದಿ ತಮ್ಮಾ" ಎಂದ. "ಹಲಸಿ ಊರಿಗೆ ಹೊಂಟಿದ್ವಿ, ಬಸ್ಸಿನ್ಯಾಗ. ನಿಮ್ಮಪ್ಪ ನಿನಗ ಈಜ ಕಲಿಸಿದ್ದು ಹೇಳಿದಿ. ಇಳಿಯೂತನಾ ಅವಂದ ಮಾತು. ಅಣ್ಣ ಹೋಗಿ ಆಗ ಎರಡು ವರ್ಷ ಆಗಿತ್ತು. ಅಲ್ಲೀತನಾ ನೀ ಬಾಯಿ ಬಿಟ್ಟಿದ್ದಿಲ್ಲ."

ಆ ಬಸ್ಸು ನನಗೂ ನೆನಪಿದೆ. ನಾನು ಹೇಳುತ್ತಿದ್ದಷ್ಟು ಹೊತ್ತೂ ಕಾಕಾ ಕಿಟಕಿಯ ಹೊರಗೆ ನೋಡುತ್ತಿದ್ದ. ಇವನಿಗೆ ನನ್ನ ಮಾತು ಬೇಕಾಗಿಲ್ಲ ಎಂದುಕೊಂಡಿದ್ದೆ. ಮೂವತ್ತು ವರ್ಷ ಹಾಗೆಯೇ ಅಂದುಕೊಂಡಿದ್ದೆ.