ಹೆಸರಿಗೊಂದು ಠರಾವು

ತೊಂದರೆ ಶುರುವಾದದ್ದು ಮಲ್ಲಿನಾಥನ ಒಂದು ಉದಾರ ಮಾತಿನಿಂದ.

“ಇದು ಮುಕ್ತ ಸಾಫ್ಟ್‌ವೇರ್ ರೀ. ಒಳಗ ಏನೈತಿ ಅಂತ ಯಾರರೆ ನೋಡಬಹುದು, ತಿದ್ದಬಹುದು, ಪುಕ್ಕಟ ಒಯ್ಯಬಹುದು. ಹೆಸರೂ ನೀವ ಇಡ್ರಿ,” ಎಂದುಬಿಟ್ಟ.

ತಿಕೋಟಾದ ಪತ್ತಿನ ಸಹಕಾರಿ ಸಂಘದ ಸಭೆ ಅಲ್ಲಿಯವರೆಗೆ ಅರ್ಧ ನಿದ್ದೆಯಲ್ಲಿತ್ತು. ಹೆಸರಿಡುವ ಮಾತು ಬಂದದ್ದೇ ತಡ, ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ತೊರವಿಯ ಮಲ್ಲಿನಾಥ ರಜೆಯ ದಿನಗಳನ್ನೆಲ್ಲ ಸುರಿದು ಬರೆದ ತಂತ್ರಾಂಶ ಅದು. ಸಂಘ ಹಣಕಾಸಿನ ಕಾಯ್ದೆಯಂತೆ ನಡೆಯುತ್ತಿದೆಯೇ, ಸದಸ್ಯರ ಗುರುತಿನ ಕಾಗದ ಸರಿಯಿವೆಯೇ, ಇಲಾಖೆಗೆ ವರದಿ ಹೋಗಿದೆಯೇ ಎಂದೆಲ್ಲ ನೋಡುತ್ತಿತ್ತು. ತಪ್ಪು ಕಂಡರೆ ಪರದೆ ಕೆಂಪಾಗಿ, ಹಠ ಹಿಡಿದ ಕೂಸಿನಂತೆ ಕಿರುಚುತ್ತಿತ್ತು.

ಆದರೆ ಮಲ್ಲಿನಾಥನ ಎದೆ ಬಡಿದುಕೊಳ್ಳುತ್ತಿದ್ದುದು ಬೇರೆ ಕಾರಣಕ್ಕೆ. ಸಂಘದ ಅಧ್ಯಕ್ಷ ಬೀರಣ್ಣನವರ ಮಗಳು ಲಲಿತಾ ಬಬಲೇಶ್ವರ ಶಾಖೆಯಲ್ಲಿ ಕೆಲಸಕ್ಕಿದ್ದಳು. ಅವರಿಬ್ಬರ ಲಗ್ನದ ಮಾತು ನಡೆದಿತ್ತು. ಬೀರಣ್ಣನವರದು ಒಂದೇ ತಕರಾರು. “ಅಳ್ಯಾ ಏನ್ ಮಾಡ್ಯಾನ ಅಂತ ಮಂದಿ ಕೇಳಿದ್ರ, ಹೆಸರಿಲ್ಲದ್ದೊಂದು ಮಾಡ್ಯಾನ ಅಂತ ಹೇಳ್ಲೇನು? ಇವತ್ತ ಹೆಸರ ಠರಾವ ಆಗ್ಲಿ. ಸಂಜೀಕ ನಿಮ್ಮ ಅವ್ವನ್ನ ಕರಸು, ಲಗ್ನ ಗಟ್ಟಿ ಮಾಡಿ ಸಕ್ಕರಿ ಹಂಚೂಣು.”

ಮೊದಲು ಮಲ್ಲಿನಾಥನೇ ಒಂದು ಹೆಸರು ಓದಿದ: “ಮುಕ್ತ ಹಣಕಾಸು ನಿಯಮ ಪಾಲನಾ ತಂತ್ರಜ್ಞಾನ ಉಪಕ್ರಮ.”

“ಇದನ್ನ ಹೇಳಿ ಮುಗಸೂದ್ರಾಗ ವಿಜಾಪುರದಾಗ ಬಸ್ ಹತ್ತಿದವ ತಿಕೋಟಾದಾಗ ಇಳಿತಾನ,” ಎಂದರು ಬಬಲೇಶ್ವರದ ನಿರ್ದೇಶಕ ದಾದಾಸಾಬ.

“ಹಂಗಾರ ಭರವಸೆ ಅಂತ ಇಡೂಣು?” ಎಂದ ಮಲ್ಲಿನಾಥ.

“ಬ್ಯಾಡ್ರಿ! ಅಂಥಾ ಹೆಸರಿನ ಚೀಟಿ ಕಂಪನಿ ಎಷ್ಟ ರೊಕ್ಕ ನುಂಗಿ ಓಡಿ ಹೋಗ್ಯಾವ. ಕೇಳಿದ್ರ ಜನ ಹೌಹಾರಿ ಠೇವಣಿ ಕೀಳಾಕ ಪಾಳಿ ಹಚ್ಚತಾರ.”

‘ತಿಕೋಟಾ ಮಿತ್ರ’ ಎಂದಾಗ ಬಬಲೇಶ್ವರದವರು ಎದ್ದು ನಿಂತರು. ‘ಬಬಲೇಶ್ವರ ಬಂಧು’ ಎಂದಾಗ ಅವರು ಕೂತು, ತಿಕೋಟಾದವರು ಎದ್ದರು. ಬೀರಣ್ಣ ಮೇಜು ಗುದ್ದಿದರು. ಮೇಜಿನ ಮೇಲಿದ್ದ ಚಹಾ ಮಲ್ಲಿನಾಥನ ಹೊಸ ಅಂಗಿಯ ಮೇಲೆ ಬಂದು ಕೂತಿತು.

“ಮನುಷ್ಯಾರ ಹೆಸರ ಇಡ್ರೆಪಾ! ಎತ್ತಿಗೆ ಇಡೂದಿಲ್ಲೇನು? ಅರುಣಕುಮಾರ ಅನ್ರಿ, ಚಂದ ಐತಿ,” ಎಂದರು ಬೀರಣ್ಣ.

ಕ್ಯಾಶಿಯರ್ ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಆ ಹೆಸರ ನನ್ನ ಬಾಯಾಗ ಬರೂದಿಲ್ರಿ.”

“ಯಾಕವ್ವಾ?”

“ನಮ್ಮ ಮನಿಯವರದ ರೀ. ದಿನಾ ಗಿರಾಕಿಗೆ ಹೇಳಬೇಕಾಗತೈತಲ್ರಿ, ಇಂಥವ ಒಪ್ಪವಲ್ಲ, ಇಂಥವ ನಿಮ್ಮ ಫೋಟೋ ಕೇಳಾಕತ್ತಾನ ಅಂತ. ಗಂಡನ ಹೆಸರ ಹ್ಯಾಂಗ ಒದರ್ಲಿ?”

“ಯಲ್ಲಾಲಿಂಗ?”

“ನಮ್ಮ ಮಾವ! ಸತ್ತ ಮ್ಯಾಲೂ ಆ ಹೆಸರ ಎತ್ತಿಲ್ಲ ನಾ,” ಎಂದು ಹಿರಿಯ ನಿರ್ದೇಶಕಿ ಹನಮವ್ವ ಗದರಿದಳು.

ಆಮೇಲೆ ದೇವರ ಹೆಸರುಗಳು ಬಂದವು. ಒಂದೊಂದು ದೇವರೂ ಆಫೀಸಿನ ಒಬ್ಬೊಬ್ಬ ಹೆಂಗಸಿನ ಗಂಡನೋ ಮೈದುನನೋ ಆಗಿ ಹೊರಬಿದ್ದ. ಹೆಣ್ಣಿನ ಹೆಸರಿಡೋಣವೆಂದರೆ, “ಕೆಟ್ಟ ನಿಂತಾಗ ಬೈಬೇಕಾಗತೈತಿ, ಆ ಹೆಸರಿನ ಹುಡಿಗಿ ಅವ್ವ ಕೇಳಿಸಿಕೊಂಡ್ರ?” ಎಂದು ದಾದಾಸಾಬ ತಡೆದರು. ಅಷ್ಟರಲ್ಲಿ, ಹೊಸ ತಂತ್ರಾಂಶದ ಫಲಕ ಮಾಡಲು ಹೇಳಿದ್ದ ವಿಜಯಪುರದ ಫ್ಲೆಕ್ಸ್ ಅಂಗಡಿಯಿಂದ ಲಾಡಲೇಸಾಬ ಫೋನ್ ಮಾಡಿದ. “ಸರ, ಹೆಸರಿನ ಜಾಗಾ ಖಾಲಿ ಐತ್ರಿ. ಈಗ ಹೇಳ್ತೀರೋ, ನಂದ ಹಾಕ್ಲೋ?”

ದಾದಾಸಾಬ ಗದ್ದ ಕೆರೆದುಕೊಂಡರು. “ಹಂಗಾರ ಹೇಣ್ತಿನ ಇಲ್ಲದವನ ಹೆಸರ ಬೇಕು. ಈ ಖೋಲ್ಯಾಗ ಅಂಥವ ಒಬ್ಬನ ಅದಾನ.”

ಎಲ್ಲರ ಕಣ್ಣೂ ಚಹಾ ಬಳಿದ ಅಂಗಿಯ ಕಡೆ ಹೊರಳಿದವು.

“ಮಲ್ಲಿನಾಥ!” ಎಂದು ಹೇಳಿ ನೋಡಿದಳು ಕಸ್ತೂರಿ. “ಮಲ್ಲಿನಾಥ ನಿಮ್ಮ ಫೋಟೋ ಕೇಳಾಕತ್ತಾನ. ಹಾಂ, ಸಲೀಸ ಬರತೈತ್ರಿ.”

ಮಲ್ಲಿನಾಥನ ಮುಖ ಅರಳಿತು. ಬೇಡವೆನ್ನಲು ಬಾಯಿ ತೆರೆದ. ಬಾಯಿ ಹಾಗೇ ನಗುತ್ತ ಉಳಿಯಿತು. ಠರಾವು ಬರೆಯಲು ಬಬಲೇಶ್ವರದಿಂದ ಬಂದು ಕೂತಿದ್ದ ಲಲಿತಾ ಪೆನ್ನು ಎತ್ತಿ ಅವನನ್ನೇ ನೋಡಿದಳು.

“ಖರೇನ ಬರೀಲೇನ್ರಿ? ವಿಚಾರ ಮಾಡೀರಿ?”

“ಬರೀರಿ, ಬರೀರಿ!” ಎಂದ ಮಲ್ಲಿನಾಥ. ಠರಾವು ಪಾಸಾಯಿತು. ಅವನೇ ಅದನ್ನು ತಂತ್ರಾಂಶಕ್ಕೂ ಏರಿಸಿದ, ಪರದೆ ಹಸಿರಾಯಿತು.

ಸಂಜೆ ಸಕ್ಕರೆ ಪುಡಿಕೆ ಹಿಡಿದು ಅವನ ತಾಯಿ ಸಕ್ರವ್ವ ಬಂದಳು. ಫ್ಲೆಕ್ಸ್ ಬಾಗಿಲಿಗೆ ತೂಗುತ್ತಿತ್ತು. ಒಳಗೆ ಲಲಿತಾ ಒಬ್ಬ ರೈತನಿಗೆ ಹೇಳುತ್ತಿದ್ದಳು: “ಯಜಮಾನ್ರ, ಮಲ್ಲಿನಾಥ ಇನ್ನೂ ಎದ್ದಿಲ್ಲ. ಎರಡ ಸಲ ಬಡದ ನೋಡ್ತೀನಿ, ತಡೀರಿ.”

ಸಕ್ರವ್ವ ಪುಡಿಕೆಯನ್ನು ಸೆರಗಿನೊಳಗೆ ಸೇರಿಸಿದಳು. “ಯಪ್ಪಾ ಬೀರಣ್ಣಾ! ನಾಳೆ ನನ್ನ ಸೊಸಿ ನಾಲ್ಕೂರ ಮಂದಿ ಮುಂದ ಗಂಡನ ಹೆಸರ ಹಿಂಗ ಒದರತಾಳೇನು? ಈ ಬೀಗತನ ನನಗ ಬ್ಯಾಡ!”

“ಅವ್ವಾ, ತಡಿ ಬೇ. ಒಂದ ನಿಮಿಷದಾಗ ಹೆಸರ ಬದಲಿ ಮಾಡ್ತೀನಿ,” ಎಂದು ಮಲ್ಲಿನಾಥ ಕಂಪ್ಯೂಟರಿಗೆ ಧಾವಿಸಿದ. ಹೊಸ ಹೆಸರಿನ ಮೊದಲ ಅಕ್ಷರ ಒತ್ತಿದ್ದೇ ಪರದೆ ಕೆಂಪಾಗಿ ಕಿರುಚಿತು: ‘ಸಭೆಯ ಠರಾವು ಮೀರಿದ ಬದಲಾವಣೆ. ನಿಯಮಬಾಹಿರ. ಇಲಾಖೆಗೆ ವರದಿ ಮಾಡಲಾಗುವುದು.’

“ಅಗದೀ ಚಲೋ ಕೆಲಸ ಮಾಡತೈತಿ!” ಎಂದು ದಾದಾಸಾಬ ಚಪ್ಪಾಳೆ ತಟ್ಟಿದರು. “ಈ ಠರಾವ ಮುರಿಯೂದಾದ್ರ ಸರ್ವಸಾಧಾರಣ ಸಭಾ ಕರೀಬೇಕು. ಅದು ಇನ್ನ ಬರೂ ವರ್ಷ.”

ಮಲ್ಲಿನಾಥ ಕುಸಿದು ಕೂತ. ಬೀರಣ್ಣ ತಲೆ ಹಿಡಿದುಕೊಂಡರು. ಲಲಿತಾ ಮಾತ್ರ ಕೆಂಪು ಪರದೆಯನ್ನೂ ಅವನನ್ನೂ ಒಂದಾದ ಮೇಲೊಂದು ನೋಡಿದಳು.

“ಅಪ್ಪಾರ, ಇವರ ಸ್ವಂತ ಹೆಸರಿನ ಮ್ಯಾಲೆ ಯಾವ ಠರಾವೂ ಇಲ್ಲಲ್ರಿ?”

ಸಕ್ರವ್ವನ ಸೆರಗಿನಿಂದ ಪುಡಿಕೆ ಮೆಲ್ಲಗೆ ಹೊರಬಂತು. ಬೀರಣ್ಣ ಮೀಸೆ ಸವರಿ ಅಧ್ಯಕ್ಷರ ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಬಾಗಲಾ ಹಾಕ್ರಿ. ಎಲ್ಲಾರೂ ಕುಂಡ್ರಿ. ಅಳ್ಯಾಗ ಹೊಸಾ ಹೆಸರ ಏನ್ ಇಡೂಣು, ಹೇಳ್ರಿ.”

ತಿಕೋಟಾದವರೂ ಬಬಲೇಶ್ವರದವರೂ ಒಟ್ಟಿಗೇ ಎದ್ದು ನಿಂತರು.